ಭಾರತ ರಾಷ್ಟ್ರೀಯ ಫುಟ್‌ಬಾಲ್ ತಂಡದ ಪಂದ್ಯ ಫಲಿತಾಂಶಗಳು (2023–2025)

ಭಾರತ ಪುರುಷರ ರಾಷ್ಟ್ರೀಯ ಫುಟ್‌ಬಾಲ್ ತಂಡವು 2023ರ ಮಾರ್ಚ್‌ನಿಂದ 2025ರ ನವೆಂಬರ್‌ವರೆಗೆ ಒಟ್ಟು 38 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿತು. ಇವುಗಳಲ್ಲಿ 10 ಪಂದ್ಯಗಳನ್ನು ಗೆದ್ದು, 14ರಲ್ಲಿ ಸಮಬಲ ಸಾಧಿಸಿ, 14ರಲ್ಲಿ ಸೋಲು ಕಂಡಿತು. ಈ ಅವಧಿಯಲ್ಲಿ ತಂಡದ ಸ್ಥಿತಿ ತೀವ್ರವಾಗಿ ಬದಲಾಯಿತು. 2023ರಲ್ಲಿ ಮೂರು ಪ್ರಶಸ್ತಿಗಳನ್ನು ಗೆದ್ದು ಫಿಫಾ ಶ್ರೇಯಾಂಕದಲ್ಲಿ 99ನೇ ಸ್ಥಾನಕ್ಕೆ ಏರಿದ ತಂಡವು 2024ರಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರಲ್ಲಿ ಅದು 2027ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯುವ ಅವಕಾಶವನ್ನು ಕಳೆದುಕೊಂಡು, ವರ್ಷಾಂತ್ಯದ ವೇಳೆಗೆ 142ನೇ ಸ್ಥಾನಕ್ಕೆ ಇಳಿಯಿತು.

ಈ ಮೂರು ವರ್ಷಗಳಲ್ಲಿ ತಂಡಕ್ಕೆ ಮೂವರು ಮುಖ್ಯ ತರಬೇತುದಾರರಿದ್ದರು: ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ (2024ರ ಜೂನ್‌ವರೆಗೆ), ಸ್ಪೇನ್‌ನ ಮನೋಲೊ ಮಾರ್ಕ್ವೆಜ್ (2024ರ ಜುಲೈನಿಂದ 2025ರ ಜುಲೈವರೆಗೆ) ಮತ್ತು ಭಾರತದವರೇ ಆದ ಖಾಲಿದ್ ಜಮೀಲ್ (2025ರ ಆಗಸ್ಟ್‌ನಿಂದ). ದೀರ್ಘಕಾಲದ ನಾಯಕ ಸುನಿಲ್ ಛೆಟ್ರಿ ಇದೇ ಅವಧಿಯಲ್ಲಿ ನಿವೃತ್ತರಾಗಿ, ಮತ್ತೆ ತಂಡಕ್ಕೆ ಮರಳಿದರು.

## ಫಲಿತಾಂಶಗಳನ್ನು ಓದುವ ಕ್ರಮ

ಈ ಲೇಖನದ ಪಟ್ಟಿಗಳಲ್ಲಿ ಭಾರತದ ಗೋಲುಗಳನ್ನು ಯಾವಾಗಲೂ ಮೊದಲು ಕೊಡಲಾಗಿದೆ. ಪೆನಾಲ್ಟಿ ಶೂಟೌಟ್‌ನಲ್ಲಿ ನಿರ್ಧಾರವಾದ ಪಂದ್ಯವು ದಾಖಲೆಯಲ್ಲಿ ‘ಡ್ರಾ’ ಎಂದೇ ಪರಿಗಣಿತವಾಗುತ್ತದೆ. ಶೂಟೌಟ್‌ನಲ್ಲಿ ಹೊಡೆದ ಗೋಲುಗಳು ತಂಡದ ಅಥವಾ ಆಟಗಾರನ ಗೋಲುಗಳ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ 2023ರ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಭಾರತ ಪ್ರಶಸ್ತಿ ಗೆದ್ದರೂ ಆ ಪಂದ್ಯವನ್ನು 1–1 ಡ್ರಾ ಎಂದು ಲೆಕ್ಕ ಹಾಕಲಾಗುತ್ತದೆ. 23 ವರ್ಷದೊಳಗಿನವರ ತಂಡದ ಪಂದ್ಯಗಳು ಹಾಗೂ ಏಷ್ಯನ್ ಕ್ರೀಡಾಕೂಟದ ಪಂದ್ಯಗಳು ಇಲ್ಲಿ ಸೇರಿಲ್ಲ.

2018ರಿಂದ ಜಾರಿಯಲ್ಲಿರುವ ಫಿಫಾ ಶ್ರೇಯಾಂಕ ಪದ್ಧತಿಯಲ್ಲಿ ಪ್ರತಿ ಪಂದ್ಯದ ನಂತರ ತಂಡದ ಅಂಕಗಳಿಗೆ ಕೂಡುವುದೋ ಕಳೆಯುವುದೋ ನಡೆಯುತ್ತದೆ. ಎಷ್ಟು ಅಂಕ ಬದಲಾಗಬೇಕು ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಪಂದ್ಯದ ಮಹತ್ವ. ನಿಗದಿತ ಅಂತರರಾಷ್ಟ್ರೀಯ ಅವಧಿಯಲ್ಲಿ ನಡೆಯುವ ಸೌಹಾರ್ದ ಪಂದ್ಯಕ್ಕೆ 10, ಅರ್ಹತಾ ಪಂದ್ಯಕ್ಕೆ 25 ಮತ್ತು ಏಷ್ಯನ್ ಕಪ್‌ನಂತಹ ಖಂಡಮಟ್ಟದ ಟೂರ್ನಿಯ ಗುಂಪು ಹಂತಕ್ಕೆ 35ರ ಗುಣಕವಿದೆ. ಎರಡನೆಯದು ನಿರೀಕ್ಷಿತ ಫಲಿತಾಂಶಕ್ಕೂ ನಿಜವಾದ ಫಲಿತಾಂಶಕ್ಕೂ ಇರುವ ಅಂತರ. ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0 ಎಂದು ಲೆಕ್ಕ ಹಾಕಿ, ಅದರಿಂದ ಎರಡೂ ತಂಡಗಳ ಬಲಾಬಲದ ಆಧಾರದ ಮೇಲೆ ಮೊದಲೇ ಅಂದಾಜು ಮಾಡಿದ ಮೌಲ್ಯವನ್ನು ಕಳೆಯಲಾಗುತ್ತದೆ. ಶೂಟೌಟ್‌ನಲ್ಲಿ ಗೆದ್ದ ತಂಡಕ್ಕೆ 0.75, ಸೋತ ತಂಡಕ್ಕೆ 0.5 ಸಿಗುತ್ತದೆ. ಹೀಗಾಗಿ ಕೆಳಗಿನ ಶ್ರೇಯಾಂಕದ ತಂಡದೊಂದಿಗೆ ಅರ್ಹತಾ ಪಂದ್ಯದಲ್ಲಿ ಡ್ರಾ ಮಾಡಿಕೊಂಡರೂ ಅಂಕಗಳು ಕಡಿಮೆಯಾಗುತ್ತವೆ. 2024 ಮತ್ತು 2025ರಲ್ಲಿ ಭಾರತ ಅನುಭವಿಸಿದ ಇಳಿತಕ್ಕೆ ಸೋಲುಗಳ ಜೊತೆಗೆ ಇಂತಹ ಡ್ರಾಗಳೂ ಕಾರಣವಾದವು.

## 2023: ಮೂರು ಪ್ರಶಸ್ತಿಗಳ ವರ್ಷ

### ಇಂಫಾಲ ಮತ್ತು ಭುವನೇಶ್ವರ

ವರ್ಷದ ಮೊದಲ ಪಂದ್ಯಗಳು ಮಣಿಪುರದ ರಾಜಧಾನಿ ಇಂಫಾಲದ ಖುಮನ್ ಲಂಪಾಕ್ ಕ್ರೀಡಾಂಗಣದಲ್ಲಿ ನಡೆದವು. ಮ್ಯಾನ್ಮಾರ್ ಮತ್ತು ಕಿರ್ಗಿಸ್ತಾನ್ ಪಾಲ್ಗೊಂಡಿದ್ದ ಈ ತ್ರಿಕೋನ ಟೂರ್ನಿಯನ್ನು ಭಾರತ ಎರಡೂ ಪಂದ್ಯ ಗೆದ್ದು ತನ್ನದಾಗಿಸಿಕೊಂಡಿತು.

* ಮಾರ್ಚ್ 22 – ಭಾರತ 1–0 ಮ್ಯಾನ್ಮಾರ್ (ಅನಿರುದ್ಧ್ ಥಾಪಾ)
* ಮಾರ್ಚ್ 28 – ಭಾರತ 2–0 ಕಿರ್ಗಿಸ್ತಾನ್ (ಸಂದೇಶ್ ಜಿಂಗನ್, ಸುನಿಲ್ ಛೆಟ್ರಿ)

ಜೂನ್‌ನಲ್ಲಿ ಒಡಿಶಾದ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಜರುಗಿತು. ನಾಲ್ಕು ಪಂದ್ಯಗಳಲ್ಲಿ ಭಾರತ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

* ಜೂನ್ 9 – ಭಾರತ 2–0 ಮಂಗೋಲಿಯಾ (ಸಹಲ್ ಅಬ್ದುಲ್ ಸಮದ್, ಲಾಲಿಯನ್‌ಜುವಾಲಾ ಚಾಂಗ್ಟೆ)
* ಜೂನ್ 12 – ಭಾರತ 1–0 ವನುವಾಟು (ಛೆಟ್ರಿ)
* ಜೂನ್ 15 – ಭಾರತ 0–0 ಲೆಬನಾನ್
* ಜೂನ್ 18 (ಫೈನಲ್) – ಭಾರತ 2–0 ಲೆಬನಾನ್ (ಛೆಟ್ರಿ, ಚಾಂಗ್ಟೆ)

### ಬೆಂಗಳೂರಿನಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್

ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಸ್ಯಾಫ್) 2023ರ ಚಾಂಪಿಯನ್‌ಷಿಪ್ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಕರ್ನಾಟಕದಲ್ಲಿ ಈ ಟೂರ್ನಿ ನಡೆದದ್ದು ಇದೇ ಮೊದಲು. ದಕ್ಷಿಣ ಏಷ್ಯಾದ ತಂಡಗಳ ಜೊತೆಗೆ ಕುವೈತ್ ಮತ್ತು ಲೆಬನಾನ್ ಆಹ್ವಾನಿತ ತಂಡಗಳಾಗಿ ಭಾಗವಹಿಸಿದ್ದರಿಂದ ಸ್ಪರ್ಧೆಯ ಮಟ್ಟ ಹಿಂದಿನ ಆವೃತ್ತಿಗಳಿಗಿಂತ ಹೆಚ್ಚಿತ್ತು. ನಾಯಕ ಛೆಟ್ರಿ ಮತ್ತು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಇಬ್ಬರೂ ಆಗ ಬೆಂಗಳೂರು ಎಫ್‌ಸಿ ಕ್ಲಬ್‌ನ ಆಟಗಾರರಾಗಿದ್ದು, ಕಂಠೀರವ ಅವರ ಕ್ಲಬ್‌ನ ತವರು ಮೈದಾನವೂ ಆಗಿತ್ತು.

* ಜೂನ್ 21 – ಭಾರತ 4–0 ಪಾಕಿಸ್ತಾನ (ಛೆಟ್ರಿ 3, ಉದಾಂತ ಸಿಂಗ್)
* ಜೂನ್ 24 – ಭಾರತ 2–0 ನೇಪಾಳ (ಛೆಟ್ರಿ, ನವೋರೆಂ ಮಹೇಶ್ ಸಿಂಗ್)
* ಜೂನ್ 27 – ಭಾರತ 1–1 ಕುವೈತ್ (ಛೆಟ್ರಿ)
* ಜುಲೈ 1 (ಸೆಮಿಫೈನಲ್) – ಭಾರತ 0–0 ಲೆಬನಾನ್ (ಶೂಟೌಟ್‌ನಲ್ಲಿ ಭಾರತಕ್ಕೆ 4–2 ಜಯ)
* ಜುಲೈ 4 (ಫೈನಲ್) – ಭಾರತ 1–1 ಕುವೈತ್ (ಚಾಂಗ್ಟೆ; ಶೂಟೌಟ್‌ನಲ್ಲಿ ಭಾರತಕ್ಕೆ 5–4 ಜಯ)

ಪಾಕಿಸ್ತಾನದ ವಿರುದ್ಧದ ಪಂದ್ಯದಲ್ಲಿ ಛೆಟ್ರಿ ಮೂರು ಗೋಲು ಗಳಿಸಿದರು. ಅವುಗಳಲ್ಲಿ ಎರಡು ಪೆನಾಲ್ಟಿ ಮೂಲಕ ಬಂದವು. ಇದೇ ಪಂದ್ಯದಲ್ಲಿ ಥ್ರೋ-ಇನ್ ಮಾಡಲು ಮುಂದಾಗಿದ್ದ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡನ್ನು ಬೀಳಿಸಿದ್ದಕ್ಕಾಗಿ ತರಬೇತುದಾರ ಸ್ಟಿಮಾಚ್ ಕೆಂಪು ಕಾರ್ಡ್ ಪಡೆದರು. ಕುವೈತ್ ವಿರುದ್ಧದ ಗುಂಪು ಪಂದ್ಯದಲ್ಲಿ ಅವರಿಗೆ ಮತ್ತೊಮ್ಮೆ ಕೆಂಪು ಕಾರ್ಡ್ ತೋರಿಸಲಾಯಿತು. ಆದ್ದರಿಂದ ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಸಹಾಯಕ ತರಬೇತುದಾರ ಮಹೇಶ್ ಗಾವ್ಳಿ ತಂಡವನ್ನು ನಡೆಸಿದರು.

ಕುವೈತ್ ವಿರುದ್ಧದ ಗುಂಪು ಪಂದ್ಯದ ಹೆಚ್ಚುವರಿ ನಿಮಿಷಗಳಲ್ಲಿ ಅನ್ವರ್ ಅಲಿ ಅವರಿಂದ ಸ್ವಂತ ಗೋಲು ದಾಖಲಾಯಿತು. ಆ ವರ್ಷ ಭಾರತದ ಬಲೆಗೆ ಬಿದ್ದ ಮೊದಲ ಗೋಲು ಅದು. ಅದಕ್ಕೂ ಹಿಂದಿನ ಎಂಟು ಪಂದ್ಯಗಳಲ್ಲಿ ಯಾವ ಎದುರಾಳಿಯೂ ಗೋಲು ಗಳಿಸಿರಲಿಲ್ಲ. ಫೈನಲ್‌ನಲ್ಲಿ ಕುವೈತ್ ಮೊದಲು ಮುನ್ನಡೆ ಪಡೆಯಿತು. ವಿರಾಮಕ್ಕೆ ಮುನ್ನ ಚಾಂಗ್ಟೆ ಸಮಬಲದ ಗೋಲು ಹೊಡೆದರು. ಶೂಟೌಟ್‌ನ ಮೊದಲ ಐದು ಸರದಿಗಳು ಸಮನಾಗಿ ಮುಗಿದ ಬಳಿಕ ಮಹೇಶ್ ಸಿಂಗ್ ಗೋಲು ಗಳಿಸಿದರು. ಕುವೈತ್‌ನ ಖಾಲಿದ್ ಹಾಜಿಯಾ ಅವರ ಒದೆತವನ್ನು ಗುರ್‌ಪ್ರೀತ್ ತಡೆದರು. ಇದು ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಒಂಬತ್ತನೇ ಪ್ರಶಸ್ತಿ. ಐದು ಗೋಲುಗಳೊಂದಿಗೆ ಛೆಟ್ರಿ ಟೂರ್ನಿಯ ಗರಿಷ್ಠ ಗೋಲು ಗಳಿಕೆದಾರರಾದರು. ಜುಲೈ ತಿಂಗಳ ಫಿಫಾ ಪಟ್ಟಿಯಲ್ಲಿ ತಂಡ 99ನೇ ಸ್ಥಾನ ತಲುಪಿತು.

### ವಿದೇಶಿ ಮೈದಾನಗಳಲ್ಲಿ

ಜುಲೈ 4ರವರೆಗಿನ 11 ಪಂದ್ಯಗಳೂ ಭಾರತದ ನೆಲದಲ್ಲೇ ನಡೆದಿದ್ದವು, ಅವುಗಳಲ್ಲಿ ಒಂದನ್ನೂ ಭಾರತ ಸೋತಿರಲಿಲ್ಲ. ಸೆಪ್ಟೆಂಬರ್‌ನಿಂದ ತಂಡ ಹೊರದೇಶಗಳಲ್ಲಿ ಆಡತೊಡಗಿದಾಗ ಫಲಿತಾಂಶಗಳು ಬೇರೆಯಾದವು.

* ಸೆಪ್ಟೆಂಬರ್ 7 (ಕಿಂಗ್ಸ್ ಕಪ್, ಚಿಯಾಂಗ್ ಮಾಯ್) – ಭಾರತ 2–2 ಇರಾಕ್ (ಮಹೇಶ್ ಸಿಂಗ್, ಎದುರಾಳಿಯ ಸ್ವಂತ ಗೋಲು, ಶೂಟೌಟ್‌ನಲ್ಲಿ 4–5 ಸೋಲು)
* ಸೆಪ್ಟೆಂಬರ್ 10 (ಕಿಂಗ್ಸ್ ಕಪ್, ಚಿಯಾಂಗ್ ಮಾಯ್) – ಭಾರತ 0–1 ಲೆಬನಾನ್
* ಅಕ್ಟೋಬರ್ 13 (ಮೆರ್ಡೆಕಾ ಟೂರ್ನಿ, ಕೌಲಾಲಂಪುರ) – ಭಾರತ 2–4 ಮಲೇಷ್ಯಾ (ಮಹೇಶ್ ಸಿಂಗ್, ಛೆಟ್ರಿ)
* ನವೆಂಬರ್ 16 (ವಿಶ್ವಕಪ್ ಅರ್ಹತಾ ಸುತ್ತು, ಕುವೈತ್ ಸಿಟಿ) – ಭಾರತ 1–0 ಕುವೈತ್ (ಮನ್‌ವೀರ್ ಸಿಂಗ್)
* ನವೆಂಬರ್ 21 (ವಿಶ್ವಕಪ್ ಅರ್ಹತಾ ಸುತ್ತು, ಭುವನೇಶ್ವರ) – ಭಾರತ 0–3 ಕತಾರ್

ಕುವೈತ್‌ನಲ್ಲಿ ಸಿಕ್ಕ ಜಯ ಅರ್ಹತಾ ಸುತ್ತಿನಲ್ಲಿ ಭಾರತಕ್ಕೆ ಉತ್ತಮ ಆರಂಭ ನೀಡಿತು. ಮುಂದಿನ ಗೆಲುವಿಗಾಗಿ ತಂಡ 489 ದಿನ ಕಾಯಬೇಕಾಯಿತು.

## 2024: ಗೆಲುವಿಲ್ಲದ ವರ್ಷ

### ಏಷ್ಯನ್ ಕಪ್, ಕತಾರ್

2023ರ ಏಷ್ಯನ್ ಕಪ್ 2024ರ ಜನವರಿ–ಫೆಬ್ರವರಿಯಲ್ಲಿ ಕತಾರ್‌ನಲ್ಲಿ ಜರುಗಿತು. ಇದು ಈ ಟೂರ್ನಿಯಲ್ಲಿ ಭಾರತದ ಐದನೇ ಪ್ರವೇಶ. ‘ಬಿ’ ಗುಂಪಿನಲ್ಲಿದ್ದ ತಂಡ ಮೂರೂ ಪಂದ್ಯಗಳನ್ನು ಸೋತು, ಒಂದೂ ಗೋಲು ಗಳಿಸದೆ ಹೊರಬಿತ್ತು.

* ಜನವರಿ 13 – ಭಾರತ 0–2 ಆಸ್ಟ್ರೇಲಿಯಾ
* ಜನವರಿ 18 – ಭಾರತ 0–3 ಉಜ್ಬೇಕಿಸ್ತಾನ್
* ಜನವರಿ 23 – ಭಾರತ 0–1 ಸಿರಿಯಾ

ಆಸ್ಟ್ರೇಲಿಯಾ ವಿರುದ್ಧ ಮೊದಲಾರ್ಧದವರೆಗೂ ಭಾರತ ಗೋಲು ಬಿಟ್ಟುಕೊಟ್ಟಿರಲಿಲ್ಲ. ಈ ಪಂದ್ಯದ ರೆಫರಿಯಾಗಿದ್ದ ಜಪಾನ್‌ನ ಯೋಶಿಮಿ ಯಮಾಶಿತಾ ಪುರುಷರ ಏಷ್ಯನ್ ಕಪ್ ಪಂದ್ಯವನ್ನು ನಡೆಸಿದ ಮೊದಲ ಮಹಿಳೆ ಎನಿಸಿದರು. ಗುಂಪು ಹಂತದ ಮಹತ್ವದ ಗುಣಕ ಹೆಚ್ಚಿರುವುದರಿಂದ ಈ ಸೋಲುಗಳ ಪರಿಣಾಮ ಶ್ರೇಯಾಂಕದ ಮೇಲೆ ಕೂಡಲೇ ಕಾಣಿಸಿತು: 2023ರ ಕೊನೆಗೆ 102ನೇ ಸ್ಥಾನದಲ್ಲಿದ್ದ ತಂಡ ಫೆಬ್ರವರಿಯಲ್ಲಿ 117ಕ್ಕೆ ಕುಸಿಯಿತು.

### ವಿಶ್ವಕಪ್ ಅರ್ಹತಾ ಸುತ್ತಿನ ನಿರ್ಗಮನ

2026ರ ವಿಶ್ವಕಪ್‌ನಲ್ಲಿ ತಂಡಗಳ ಸಂಖ್ಯೆ 48ಕ್ಕೆ ಏರಿದ್ದರಿಂದ ಏಷ್ಯಾಕ್ಕೆ ಎಂಟು ನೇರ ಸ್ಥಾನಗಳು ದೊರೆತಿದ್ದವು. ಏಷ್ಯಾದ ಎರಡನೇ ಅರ್ಹತಾ ಸುತ್ತಿನಲ್ಲಿ 36 ತಂಡಗಳನ್ನು ತಲಾ ನಾಲ್ಕರಂತೆ ಒಂಬತ್ತು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ಗುಂಪಿನ ಮೊದಲ ಎರಡು ತಂಡಗಳಿಗೆ ಮೂರನೇ ಸುತ್ತಿನ ಪ್ರವೇಶದ ಜೊತೆಗೆ 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುವ ಏಷ್ಯನ್ ಕಪ್‌ಗೆ ನೇರ ಅರ್ಹತೆಯೂ ಸಿಗುತ್ತಿತ್ತು. ಕತಾರ್, ಕುವೈತ್ ಮತ್ತು ಅಫ್ಘಾನಿಸ್ತಾನಗಳೊಂದಿಗೆ ‘ಎ’ ಗುಂಪಿನಲ್ಲಿದ್ದ ಭಾರತಕ್ಕೆ ಎರಡನೇ ಸ್ಥಾನವೇ ಗುರಿಯಾಗಿತ್ತು.

* ಮಾರ್ಚ್ 21 (ಅಭಾ, ಸೌದಿ ಅರೇಬಿಯಾ) – ಭಾರತ 0–0 ಅಫ್ಘಾನಿಸ್ತಾನ
* ಮಾರ್ಚ್ 26 (ಗುವಾಹಟಿ) – ಭಾರತ 1–2 ಅಫ್ಘಾನಿಸ್ತಾನ (ಛೆಟ್ರಿ)
* ಜೂನ್ 6 (ಕೋಲ್ಕತ್ತ) – ಭಾರತ 0–0 ಕುವೈತ್
* ಜೂನ್ 11 (ದೋಹಾ) – ಭಾರತ 1–2 ಕತಾರ್ (ಚಾಂಗ್ಟೆ)

ಅಫ್ಘಾನಿಸ್ತಾನ ತನ್ನ ತವರು ಪಂದ್ಯವನ್ನು ಸೌದಿ ಅರೇಬಿಯಾದಲ್ಲಿ ಆಡಿತು. ಗುವಾಹಟಿಯ ಪಂದ್ಯ ಛೆಟ್ರಿಯವರ 150ನೇ ಅಂತರರಾಷ್ಟ್ರೀಯ ಪಂದ್ಯವಾಗಿತ್ತು. ಮೊದಲಾರ್ಧದಲ್ಲಿ ಅವರು ಪೆನಾಲ್ಟಿ ಮೂಲಕ ಭಾರತಕ್ಕೆ ಮುನ್ನಡೆ ತಂದುಕೊಟ್ಟರು. ಕೊನೆಯ 20 ನಿಮಿಷಗಳಲ್ಲಿ ಅಫ್ಘಾನಿಸ್ತಾನ ಎರಡು ಗೋಲು ಗಳಿಸಿ ಪಂದ್ಯ ಗೆದ್ದಿತು. ಎರಡನೆಯದು ಪೆನಾಲ್ಟಿಯಿಂದ ಬಂದಿತು.

ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ನಡೆದ ಪಂದ್ಯ ತಮ್ಮ ಕೊನೆಯದು ಎಂದು ಛೆಟ್ರಿ ಮೊದಲೇ ಪ್ರಕಟಿಸಿದ್ದರು. ಗೋಲಿಲ್ಲದೆ ಮುಗಿದ ಈ ಪಂದ್ಯದೊಂದಿಗೆ ಅವರು 151 ಪಂದ್ಯಗಳಲ್ಲಿ 94 ಗೋಲುಗಳ ದಾಖಲೆಯೊಂದಿಗೆ ನಿವೃತ್ತರಾದರು.

ಐದು ದಿನಗಳ ನಂತರ ದೋಹಾದಲ್ಲಿ ನಡೆದ ಪಂದ್ಯ ವಿವಾದಕ್ಕೆ ಕಾರಣವಾಯಿತು. ಚಾಂಗ್ಟೆ ಗೋಲಿನಿಂದ ಭಾರತ ಮುನ್ನಡೆಯಲ್ಲಿತ್ತು. 73ನೇ ನಿಮಿಷದಲ್ಲಿ ಚೆಂಡು ಗೋಲುಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಹೋಗಿದ್ದರೂ ಕತಾರ್ ಆಟಗಾರರು ಅದನ್ನು ಒಳಗೆಳೆದುಕೊಂಡು ಗೋಲು ಹೊಡೆದರು. ರೆಫರಿ ಅದನ್ನು ಮಾನ್ಯ ಮಾಡಿದರು. ಈ ಸುತ್ತಿನಲ್ಲಿ ವಿಡಿಯೊ ನೆರವಿನ ರೆಫರಿ (ವಿಎಆರ್) ವ್ಯವಸ್ಥೆ ಇರಲಿಲ್ಲ. ಬಳಿಕ ಕತಾರ್ ಮತ್ತೊಂದು ಗೋಲು ಗಳಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಈ ಬಗ್ಗೆ ದೂರು ಸಲ್ಲಿಸಿತಾದರೂ ಫಲಿತಾಂಶ ಬದಲಾಗಲಿಲ್ಲ.

ಗುಂಪಿನ ಅಂತಿಮ ಸ್ಥಿತಿ ಹೀಗಿತ್ತು:

| ಸ್ಥಾನ | ತಂಡ | ಪಂದ್ಯ | ಅಂಕ |
|---|---|---|---|
| 1 | ಕತಾರ್ | 6 | 16 |
| 2 | ಕುವೈತ್ | 6 | 7 |
| 3 | ಭಾರತ | 6 | 5 |
| 4 | ಅಫ್ಘಾನಿಸ್ತಾನ | 6 | 5 |

ದೋಹಾದ ಗೋಲು ಹೆಚ್ಚು ಚರ್ಚೆಗೆ ಒಳಗಾದರೂ, ಅಂಕಪಟ್ಟಿ ಗುವಾಹಟಿಯ ಪಂದ್ಯದ ಕಡೆಗೂ ಬೊಟ್ಟು ಮಾಡುತ್ತದೆ. ಅಂದು ಭಾರತ ತನ್ನ ಮುನ್ನಡೆಯನ್ನು ಉಳಿಸಿಕೊಂಡಿದ್ದು, ಉಳಿದ ಫಲಿತಾಂಶಗಳು ಹಾಗೆಯೇ ಇದ್ದಿದ್ದರೆ, ಎಂಟು ಅಂಕಗಳೊಂದಿಗೆ ಅದು ಕುವೈತ್ ತಂಡವನ್ನು ಹಿಂದಿಕ್ಕಿ ಎರಡನೇ ಸ್ಥಾನ ಪಡೆಯುತ್ತಿತ್ತು. ದೋಹಾದಲ್ಲಿ ಡ್ರಾ ಆಗಿದ್ದರೆ ಸಿಗುತ್ತಿದ್ದ ಆರು ಅಂಕ ಅದಕ್ಕೆ ಸಾಲುತ್ತಿರಲಿಲ್ಲ. ಆರು ಪಂದ್ಯಗಳಲ್ಲಿ ತಂಡ ಗಳಿಸಿದ್ದು ಮೂರೇ ಗೋಲು.

ಜೂನ್ 17ರಂದು ಎಐಎಫ್‌ಎಫ್ ಸ್ಟಿಮಾಚ್ ಅವರನ್ನು ಹುದ್ದೆಯಿಂದ ತೆಗೆದುಹಾಕಿತು.

### ಮಾರ್ಕ್ವೆಜ್ ಅವರ ನೇಮಕ

ಜುಲೈ 20ರಂದು ಮನೋಲೊ ಮಾರ್ಕ್ವೆಜ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಹೆಸರಿಸಲಾಯಿತು. ಅವರು ಎಫ್‌ಸಿ ಗೋವಾ ಕ್ಲಬ್‌ನ ಹೊಣೆಯನ್ನೂ ಜೊತೆಯಲ್ಲಿಯೇ ನಿರ್ವಹಿಸಿದರು.

* ಸೆಪ್ಟೆಂಬರ್ 3 (ಇಂಟರ್‌ಕಾಂಟಿನೆಂಟಲ್ ಕಪ್, ಹೈದರಾಬಾದ್) – ಭಾರತ 0–0 ಮಾರಿಷಸ್
* ಸೆಪ್ಟೆಂಬರ್ 9 (ಇಂಟರ್‌ಕಾಂಟಿನೆಂಟಲ್ ಕಪ್, ಹೈದರಾಬಾದ್) – ಭಾರತ 0–3 ಸಿರಿಯಾ
* ಅಕ್ಟೋಬರ್ 12 (ಸೌಹಾರ್ದ, ನಾಮ್ ದಿನ್) – ಭಾರತ 1–1 ವಿಯೆಟ್ನಾಂ (ಫಾರೂಕ್ ಚೌಧರಿ)
* ನವೆಂಬರ್ 18 (ಸೌಹಾರ್ದ, ಹೈದರಾಬಾದ್) – ಭಾರತ 1–1 ಮಲೇಷ್ಯಾ (ರಾಹುಲ್ ಭೆಕೆ)

ಹಿಂದಿನ ವರ್ಷ ಗೆದ್ದಿದ್ದ ಇಂಟರ್‌ಕಾಂಟಿನೆಂಟಲ್ ಕಪ್ ಸಿರಿಯಾದ ಪಾಲಾಯಿತು. ವರ್ಷದ 11 ಪಂದ್ಯಗಳಲ್ಲಿ ಭಾರತ ಐದನ್ನು ಡ್ರಾ ಮಾಡಿಕೊಂಡು ಆರನ್ನು ಸೋತಿತು. ಏಳು ಪಂದ್ಯಗಳಲ್ಲಿ ಗೋಲು ಬರಲಿಲ್ಲ.

## 2025: ಏಷ್ಯನ್ ಕಪ್ ಅರ್ಹತಾ ಸುತ್ತು

### ಛೆಟ್ರಿಯವರ ಮರಳುವಿಕೆ

ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಹಿಂದೆ ಉಳಿದ ತಂಡಗಳಿಗೆ 2027ರ ಏಷ್ಯನ್ ಕಪ್ ತಲುಪಲು ಇನ್ನೊಂದು ದಾರಿಯಿತ್ತು. ಮೂರನೇ ಅರ್ಹತಾ ಸುತ್ತಿನಲ್ಲಿ 24 ತಂಡಗಳನ್ನು ಆರು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಅಗ್ರ ತಂಡಕ್ಕೆ ಮಾತ್ರ ಅರ್ಹತೆ ನೀಡುವ ವ್ಯವಸ್ಥೆ ಅದು. ಹಿಂದಿನ ಸುತ್ತಿನಂತೆ ಎರಡನೇ ಸ್ಥಾನಕ್ಕೆ ಇಲ್ಲಿ ಬೆಲೆ ಇರಲಿಲ್ಲ. ಭಾರತದ ಗುಂಪಿನಲ್ಲಿ ಬಾಂಗ್ಲಾದೇಶ, ಹಾಂಗ್‌ಕಾಂಗ್ ಮತ್ತು ಸಿಂಗಪುರ ಇದ್ದವು. ಗುಂಪುಗಳನ್ನು ನಿರ್ಧರಿಸುವ ಹೊತ್ತಿಗೆ ನಾಲ್ಕು ತಂಡಗಳಲ್ಲಿ ಶ್ರೇಯಾಂಕದಲ್ಲಿ ಮೇಲಿದ್ದದ್ದು ಭಾರತವೇ.

ಗೋಲು ಗಳಿಸುವವರ ಕೊರತೆ ಎದ್ದು ಕಾಣುತ್ತಿದ್ದಾಗ 40 ವರ್ಷದ ಛೆಟ್ರಿ ನಿವೃತ್ತಿಯಿಂದ ಹಿಂದಿರುಗಲು ಒಪ್ಪಿದರು. ಮೇಘಾಲಯದ ಶಿಲ್ಲಾಂಗ್‌ನಲ್ಲಿ ಮಾರ್ಚ್ 19ರಂದು ಮಾಲ್ಡೀವ್ಸ್ ವಿರುದ್ಧ ನಡೆದ ಸೌಹಾರ್ದ ಪಂದ್ಯದಲ್ಲಿ ಅವರು ತಮ್ಮ 95ನೇ ಗೋಲು ಹೊಡೆದರು. ಕುವೈತ್‌ನಲ್ಲಿ ಗೆದ್ದ ನಂತರ ಭಾರತಕ್ಕೆ ದೊರೆತ ಮೊದಲ ಜಯ ಇದು.

* ಮಾರ್ಚ್ 19 (ಸೌಹಾರ್ದ, ಶಿಲ್ಲಾಂಗ್) – ಭಾರತ 3–0 ಮಾಲ್ಡೀವ್ಸ್ (ಭೆಕೆ, ಲಿಸ್ಟನ್ ಕೊಲಾಸೊ, ಛೆಟ್ರಿ)
* ಮಾರ್ಚ್ 25 (ಅರ್ಹತಾ ಸುತ್ತು, ಶಿಲ್ಲಾಂಗ್) – ಭಾರತ 0–0 ಬಾಂಗ್ಲಾದೇಶ
* ಜೂನ್ 4 (ಸೌಹಾರ್ದ, ಪಾಥುಮ್ ಥಾನಿ) – ಭಾರತ 0–2 ಥಾಯ್ಲೆಂಡ್
* ಜೂನ್ 10 (ಅರ್ಹತಾ ಸುತ್ತು, ಹಾಂಗ್‌ಕಾಂಗ್) – ಭಾರತ 0–1 ಹಾಂಗ್‌ಕಾಂಗ್

ಇಂಗ್ಲೆಂಡ್‌ನಲ್ಲಿ ಕ್ಲಬ್ ಫುಟ್‌ಬಾಲ್ ಆಡುವ ಹಮ್ಜಾ ಚೌಧರಿ ಶಿಲ್ಲಾಂಗ್ ಪಂದ್ಯದ ಮೂಲಕ ಬಾಂಗ್ಲಾದೇಶದ ಪರ ಮೊದಲ ಬಾರಿ ಕಣಕ್ಕಿಳಿದರು. ಹಾಂಗ್‌ಕಾಂಗ್‌ನ ಕೈ ತಕ್ ಕ್ರೀಡಾಂಗಣದಲ್ಲಿ 90 ನಿಮಿಷ ಗೋಲಿಲ್ಲದೆ ಸಾಗಿದ ಪಂದ್ಯವನ್ನು ಹೆಚ್ಚುವರಿ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿ ನಿರ್ಧರಿಸಿತು. ಗೋಲ್‌ಕೀಪರ್ ವಿಶಾಲ್ ಕೈತ್ ಎಸಗಿದ ತಪ್ಪಿಗೆ ದೊರೆತ ಆ ಪೆನಾಲ್ಟಿಯನ್ನು ಸ್ಟೆಫಾನ್ ಪೆರೇರಾ ಗೋಲಾಗಿಸಿದರು. ಜುಲೈ ಆರಂಭದಲ್ಲಿ ಮಾರ್ಕ್ವೆಜ್ ಮತ್ತು ಎಐಎಫ್‌ಎಫ್ ಪರಸ್ಪರ ಒಪ್ಪಿಗೆಯ ಮೇಲೆ ಬೇರ್ಪಟ್ಟರು. ಅವರ ಅವಧಿಯ ಎಂಟು ಪಂದ್ಯಗಳಲ್ಲಿ ಗೆಲುವು ಒಂದೇ. ಅದೇ ತಿಂಗಳು ಶ್ರೇಯಾಂಕ 133ಕ್ಕೆ ಇಳಿಯಿತು.

### ಖಾಲಿದ್ ಜಮೀಲ್ ಮತ್ತು ಕಾಫಾ ನೇಷನ್ಸ್ ಕಪ್

ಆಗಸ್ಟ್ 1ರಂದು ಭಾರತದ ಮಾಜಿ ಆಟಗಾರ ಖಾಲಿದ್ ಜಮೀಲ್ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. 2011–12ರಲ್ಲಿ ಸಾವಿಯೊ ಮೆಡೈರಾ ಹೊಣೆ ಹೊತ್ತಿದ್ದ ಬಳಿಕ ಈ ಹುದ್ದೆಗೆ ಪೂರ್ಣಪ್ರಮಾಣದಲ್ಲಿ ಬಂದ ಮೊದಲ ಭಾರತೀಯ ಅವರು. ಆಗ ದೇಶದ ಪ್ರಮುಖ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮುಂದಿನ ಋತು ಅನಿಶ್ಚಿತವಾಗಿತ್ತು. ಎಐಎಫ್‌ಎಫ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಲಿದ್ದು, ನವೀಕರಣವಾಗದ ಕಾರಣ ಜುಲೈನಲ್ಲಿ ಲೀಗ್ ಅನ್ನು ತಡೆಹಿಡಿಯಲಾಗಿತ್ತು.

ಮಲೇಷ್ಯಾ ಹಿಂದೆ ಸರಿದ ಕಾರಣ ಭಾರತಕ್ಕೆ ಮಧ್ಯ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಕಾಫಾ) ನೇಷನ್ಸ್ ಕಪ್‌ಗೆ ಆಹ್ವಾನ ಬಂದಿತು. ಭಾರತದ ಪಂದ್ಯಗಳು ತಜಿಕಿಸ್ತಾನದ ಹಿಸೋರ್ ನಗರದಲ್ಲಿ ನಡೆದವು.

* ಆಗಸ್ಟ್ 29 – ಭಾರತ 2–1 ತಜಿಕಿಸ್ತಾನ (ಅನ್ವರ್ ಅಲಿ, ಜಿಂಗನ್)
* ಸೆಪ್ಟೆಂಬರ್ 1 – ಭಾರತ 0–3 ಇರಾನ್
* ಸೆಪ್ಟೆಂಬರ್ 4 – ಭಾರತ 0–0 ಅಫ್ಘಾನಿಸ್ತಾನ
* ಸೆಪ್ಟೆಂಬರ್ 8 (ಮೂರನೇ ಸ್ಥಾನಕ್ಕಾಗಿ) – ಭಾರತ 1–1 ಒಮಾನ್ (ಉದಾಂತ ಸಿಂಗ್, ಶೂಟೌಟ್‌ನಲ್ಲಿ 3–2 ಜಯ)

ತಜಿಕಿಸ್ತಾನ ವಿರುದ್ಧ ಮೊದಲ ಕಾಲು ಗಂಟೆಯೊಳಗೆ ಇಬ್ಬರು ರಕ್ಷಣಾ ಆಟಗಾರರು ಗೋಲು ಗಳಿಸಿದರು. ದ್ವಿತೀಯಾರ್ಧದಲ್ಲಿ ಗುರ್‌ಪ್ರೀತ್ ಪೆನಾಲ್ಟಿಯೊಂದನ್ನು ತಡೆದರು. ತನಗಿಂತ ಬಹಳ ಮೇಲಿನ ಶ್ರೇಯಾಂಕದ ಒಮಾನ್ ತಂಡವನ್ನು ಶೂಟೌಟ್‌ನಲ್ಲಿ ಮಣಿಸಿ ಭಾರತ ಟೂರ್ನಿಯಲ್ಲಿ ಮೂರನೇ ಸ್ಥಾನ ಪಡೆಯಿತು.

### ಸಿಂಗಪುರ ಮತ್ತು ಢಾಕಾ

* ಅಕ್ಟೋಬರ್ 9 (ಅರ್ಹತಾ ಸುತ್ತು, ಸಿಂಗಪುರ) – ಭಾರತ 1–1 ಸಿಂಗಪುರ (ರಹೀಂ ಅಲಿ)
* ಅಕ್ಟೋಬರ್ 14 (ಅರ್ಹತಾ ಸುತ್ತು, ಮಡಗಾಂವ್) – ಭಾರತ 1–2 ಸಿಂಗಪುರ (ಚಾಂಗ್ಟೆ)
* ನವೆಂಬರ್ 18 (ಅರ್ಹತಾ ಸುತ್ತು, ಢಾಕಾ) – ಭಾರತ 0–1 ಬಾಂಗ್ಲಾದೇಶ

ಸಿಂಗಪುರದಲ್ಲಿ ಜಿಂಗನ್ ದ್ವಿತೀಯಾರ್ಧದ ಆರಂಭದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದರು. ಹತ್ತು ಆಟಗಾರರೊಂದಿಗೆ ಆಡಿದ ಭಾರತ 90ನೇ ನಿಮಿಷದಲ್ಲಿ ರಹೀಂ ಅಲಿ ಗಳಿಸಿದ ಗೋಲಿನಿಂದ ಒಂದು ಅಂಕ ಉಳಿಸಿಕೊಂಡಿತು. ಐದು ದಿನಗಳ ಬಳಿಕ ಗೋವಾದ ಮಡಗಾಂವ್‌ನಲ್ಲಿ ನಡೆದ ಪಂದ್ಯದಲ್ಲಿ ಚಾಂಗ್ಟೆ 14ನೇ ನಿಮಿಷದಲ್ಲೇ ಮುನ್ನಡೆ ತಂದರು. ಆದರೆ ಸಿಂಗಪುರದ ಸಾಂಗ್ ಉಯ್-ಯಂಗ್ ವಿರಾಮದ ಮುನ್ನ ಒಂದು ಮತ್ತು ನಂತರ ಇನ್ನೊಂದು ಗೋಲು ಹೊಡೆದರು. ಈ ಸೋಲಿನೊಂದಿಗೆ ಭಾರತದ ಅರ್ಹತೆಯ ಅವಕಾಶ ಮುಗಿಯಿತು. ಗುಂಪಿನಿಂದ ಸಿಂಗಪುರ ಏಷ್ಯನ್ ಕಪ್‌ಗೆ ತೇರ್ಗಡೆಯಾಯಿತು.

ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಸಿದ್ಧತಾ ಶಿಬಿರಕ್ಕೆ ಭಾರತದ ಪೌರತ್ವ ಪಡೆದ ಆಸ್ಟ್ರೇಲಿಯಾ ಸಂಜಾತ ಆಟಗಾರ, ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅವರನ್ನು ಕರೆಸಲಾಯಿತು. ಆದರೆ ಅವರು ಢಾಕಾದ ಪಂದ್ಯದಲ್ಲಿ ಆಡಲಿಲ್ಲ. ಶೇಖ್ ಮುರ್ಸಲಿನ್ ಆರಂಭದಲ್ಲೇ ಗಳಿಸಿದ ಗೋಲಿನಿಂದ ಬಾಂಗ್ಲಾದೇಶ 2003ರ ನಂತರ ಮೊದಲ ಬಾರಿಗೆ ಭಾರತವನ್ನು ಸೋಲಿಸಿತು. ಈ ಪಂದ್ಯದ ಬಳಿಕ ಪ್ರಕಟವಾದ ಪಟ್ಟಿಯಲ್ಲಿ ಭಾರತ 142ನೇ ಸ್ಥಾನದಲ್ಲಿತ್ತು. ಅರ್ಹತಾ ಸುತ್ತಿನ ಐದು ಪಂದ್ಯಗಳಲ್ಲಿ ತಂಡ ಎರಡು ಅಂಕ ಮತ್ತು ಎರಡು ಗೋಲುಗಳನ್ನಷ್ಟೇ ಗಳಿಸಿತ್ತು.

## ಅಂಕಿ-ಅಂಶಗಳು

| ವರ್ಷ | ಪಂದ್ಯ | ಗೆಲುವು | ಡ್ರಾ | ಸೋಲು | ಗಳಿಸಿದ ಗೋಲು | ಬಿಟ್ಟುಕೊಟ್ಟ ಗೋಲು |
|---|---|---|---|---|---|---|
| 2023 | 16 | 8 | 5 | 3 | 21 | 12 |
| 2024 | 11 | 0 | 5 | 6 | 4 | 15 |
| 2025 | 11 | 2 | 4 | 5 | 8 | 12 |
| ಒಟ್ಟು | 38 | 10 | 14 | 14 | 33 | 39 |

ತವರಿನಲ್ಲಿ ಆಡಿದ 20 ಪಂದ್ಯಗಳಲ್ಲಿ ಭಾರತ ಎಂಟನ್ನು ಗೆದ್ದು ನಾಲ್ಕನ್ನು ಸೋತಿದೆ. ವಿದೇಶದಲ್ಲಿ ಆಡಿದ 18 ಪಂದ್ಯಗಳಲ್ಲಿ ಗೆಲುವು ಎರಡು (ಕುವೈತ್ ಮತ್ತು ತಜಿಕಿಸ್ತಾನ), ಸೋಲು ಹತ್ತು.

## ವಿಶ್ಲೇಷಣೆ

### ಗೋಲು ಗಳಿಕೆಯ ಸಮಸ್ಯೆ

ಬಿಟ್ಟುಕೊಟ್ಟ ಗೋಲುಗಳ ಸಂಖ್ಯೆ ಮೂರು ವರ್ಷಗಳಲ್ಲಿ 12, 15 ಮತ್ತು 12 ಇದ್ದರೆ, ಗಳಿಸಿದ ಗೋಲುಗಳು 21ರಿಂದ 4ಕ್ಕೆ ಇಳಿದು ನಂತರ 8ಕ್ಕೆ ಏರಿದವು. 2023ರಲ್ಲಿ ಪಂದ್ಯಗಳು ಹೆಚ್ಚಿದ್ದವು ಎಂಬುದನ್ನು ಗಣನೆಗೆ ತೆಗೆದುಕೊಂಡರೂ, ತಂಡದ ಕುಸಿತ ರಕ್ಷಣೆಗಿಂತ ಆಕ್ರಮಣದಲ್ಲಿ ಹೆಚ್ಚು ಸ್ಪಷ್ಟವಾಗಿದೆ. 2024 ಮತ್ತು 2025ರ 22 ಪಂದ್ಯಗಳಲ್ಲಿ 13ರಲ್ಲಿ ಭಾರತ ಗೋಲು ಗಳಿಸಲಿಲ್ಲ. 2023ರ 16 ಪಂದ್ಯಗಳಲ್ಲಿ ಹೀಗಾದದ್ದು ನಾಲ್ಕು ಬಾರಿ.

2023ರ 21 ಗೋಲುಗಳಲ್ಲಿ ಒಂಬತ್ತು ಛೆಟ್ರಿಯವರವು. ಚಾಂಗ್ಟೆ ಮತ್ತು ಮಹೇಶ್ ಸಿಂಗ್ ತಲಾ ಮೂರು ಗಳಿಸಿದ್ದರು. 2024ರ ನಾಲ್ಕು ಗೋಲುಗಳನ್ನು ನಾಲ್ವರು, 2025ರ ಎಂಟು ಗೋಲುಗಳನ್ನು ಎಂಟು ಮಂದಿ ಹೊಡೆದರು. ಅಂದರೆ ಈ ಎರಡು ವರ್ಷಗಳಲ್ಲಿ ಯಾವುದೇ ಒಬ್ಬ ಆಟಗಾರ ಒಂದೇ ವರ್ಷದಲ್ಲಿ ಎರಡು ಗೋಲು ಗಳಿಸಲಿಲ್ಲ. ಈ 12 ಗೋಲುಗಳಲ್ಲಿ ನಾಲ್ಕು ರಕ್ಷಣಾ ಆಟಗಾರರಿಂದ ಬಂದವು. ಐಎಸ್‌ಎಲ್ ಕ್ಲಬ್‌ಗಳು ಮುಂಚೂಣಿಯ ಸ್ಥಾನಗಳಿಗೆ ಹೆಚ್ಚಾಗಿ ವಿದೇಶಿ ಆಟಗಾರರನ್ನೇ ಅವಲಂಬಿಸುವುದರಿಂದ ಭಾರತೀಯ ಸ್ಟ್ರೈಕರ್‌ಗಳಿಗೆ ಆಡುವ ಅವಕಾಶ ಕಡಿಮೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ.

### ತವರು ನೆಲದ ಪ್ರಭಾವ

2023ರ ಎಂಟು ಗೆಲುವುಗಳಲ್ಲಿ ಏಳು ತವರಿನಲ್ಲಿ ಬಂದವು. ಎದುರಾಳಿಗಳಲ್ಲಿ ಮಂಗೋಲಿಯಾ, ವನುವಾಟು, ಪಾಕಿಸ್ತಾನ, ನೇಪಾಳದಂತಹ ಕೆಳಗಿನ ಶ್ರೇಯಾಂಕದ ತಂಡಗಳೂ ಇದ್ದವು. ಆದರೆ ಕಿರ್ಗಿಸ್ತಾನ್, ಲೆಬನಾನ್ ಮತ್ತು ಕುವೈತ್ ಎದುರಿನ ಫಲಿತಾಂಶಗಳು ಆ ವರ್ಷದ ಸಾಧನೆ ಕೇವಲ ದುರ್ಬಲ ಎದುರಾಳಿಗಳಿಂದ ಬಂದುದಲ್ಲ ಎಂದು ತೋರಿಸುತ್ತವೆ. ಇನ್ನೊಂದೆಡೆ, 2024ರಲ್ಲಿ ತವರಿನಲ್ಲಿ ಆಡಿದ ಐದು ಪಂದ್ಯಗಳಲ್ಲೂ ತಂಡ ಗೆಲ್ಲಲಿಲ್ಲ. ಆದ್ದರಿಂದ ಮೈದಾನದ ಬದಲಾವಣೆಯೊಂದೇ ಈ ಇಳಿತವನ್ನು ವಿವರಿಸಲಾರದು.

### ಅರ್ಹತೆ ತಪ್ಪಿದ್ದರ ಪರಿಣಾಮ

2019 ಮತ್ತು 2023ರ ಏಷ್ಯನ್ ಕಪ್‌ಗಳಲ್ಲಿ ಸತತವಾಗಿ ಆಡಿದ್ದ ಭಾರತ 2027ರ ಆವೃತ್ತಿಯಲ್ಲಿ ಇರುವುದಿಲ್ಲ. ಖಂಡದ ಬಲಿಷ್ಠ ತಂಡಗಳೊಂದಿಗೆ ಅಧಿಕೃತ ಟೂರ್ನಿಯಲ್ಲಿ ಆಡುವ ಅವಕಾಶ ತಪ್ಪುವುದರ ಜೊತೆಗೆ, ಶ್ರೇಯಾಂಕದ ಕುಸಿತವು ಮುಂದಿನ ಅರ್ಹತಾ ಸುತ್ತುಗಳ ಮೇಲೂ ಪರಿಣಾಮ ಬೀರುತ್ತದೆ. ಗುಂಪುಗಳನ್ನು ರಚಿಸುವಾಗ ತಂಡಗಳನ್ನು ಶ್ರೇಯಾಂಕದ ಆಧಾರದ ಮೇಲೆ ವಿಂಗಡಿಸುವುದರಿಂದ, ಕೆಳಗಿರುವ ತಂಡಕ್ಕೆ ಹೆಚ್ಚು ಪ್ರಬಲ ಎದುರಾಳಿಗಳು ಎದುರಾಗುತ್ತಾರೆ. 2025ರ ಗುಂಪಿನಲ್ಲಿ ಅಗ್ರ ಶ್ರೇಯಾಂಕದೊಂದಿಗೆ ಕಣಕ್ಕಿಳಿದಿದ್ದ ಭಾರತಕ್ಕೆ ಅಂತಹ ಅನುಕೂಲ ಮುಂದೆ ಸಿಗಬೇಕಾದರೆ ಶ್ರೇಯಾಂಕದಲ್ಲಿ ಮತ್ತೆ ಮೇಲೇರಬೇಕಾಗುತ್ತದೆ.